ಮೊದಲು ಮೇಜು, ಆಮೇಲೆ ಮೀನಿನ ತೊಟ್ಟಿ

ಮೀನಿನ ಅಂಗಡಿಗೆ ಹೋದವರು ಬಣ್ಣದ ಗಪ್ಪಿ, ಮೋಲಿ ನೋಡಿ ಮನಸೋತು ಟ್ಯಾಂಕನ್ನೂ ಹೊತ್ತು ತರುತ್ತಾರೆ. ಅದನ್ನು ಎಲ್ಲಿಡುವುದು ಎಂಬ ಪ್ರಶ್ನೆ ಏಳುವುದು ಆಟೋ ಇಳಿದ ಮೇಲೆ. ಅಂಗಡಿಯವರು ಹೇಳುವ ಕಬ್ಬಿಣದ ಸ್ಟ್ಯಾಂಡಿಗೆ ಇನ್ನಷ್ಟು ದುಡ್ಡು ಯಾಕೆ, ಮನೆಯಲ್ಲೇ ಒಂದು ಟೇಬಲ್ ಇದೆಯಲ್ಲ ಅನ್ನುವುದು ಎಲ್ಲರ ಯೋಚನೆ. ಯೋಚನೆ ತಪ್ಪಲ್ಲ. ಮನೆಯ ಮೇಜು, ಕಪಾಟುಗಳ ಮೇಲೆ ಸಣ್ಣ ತೊಟ್ಟಿಗಳು ವರ್ಷಗಟ್ಟಲೆ ಚೆನ್ನಾಗಿ ಕೂತಿರುವುದನ್ನು ನಾನು ಬಲ್ಲೆ. ಆದರೆ ಕ್ರಮ ತಿರುವುಮುರುವಾಗಬೇಕು. ಮೊದಲು ಮನೆಯಲ್ಲಿರುವ ಪೀಠೋಪಕರಣವನ್ನು ಪರೀಕ್ಷಿಸಿ, ಅದು ಹೊರುವಷ್ಟೇ ದೊಡ್ಡ ತೊಟ್ಟಿಯನ್ನು ಆಮೇಲೆ ತರಬೇಕು.

ಈ ಪಾಠ ನನಗೆ ಮೈಸೂರಿನ ಬಾಡಿಗೆ ಮನೆಯಲ್ಲಿ ಸಿಕ್ಕಿತು. ಆನ್‌ಲೈನಿನಲ್ಲಿ ತರಿಸಿದ್ದ ಟಿವಿ ಯೂನಿಟ್ಟಿನ ಮೇಲೆ 2 ಅಡಿಯ ತೊಟ್ಟಿ ಇಟ್ಟಿದ್ದೆವು. ನೋಡಲು ಗಟ್ಟಿಮುಟ್ಟಾಗಿತ್ತು, ಇಟ್ಟ ದಿನ ಅಲುಗಲೂ ಇಲ್ಲ. ಆರನೇ ತಿಂಗಳಲ್ಲಿ ಕೆಳಗಿನ ಕಪಾಟಿನ ಬಾಗಿಲು ಮೇಲ್ಗಡೆ ಉಜ್ಜತೊಡಗಿತು. ಮಳೆಗಾಲ, ಮರ ಉಬ್ಬಿರಬೇಕು ಅಂದುಕೊಂಡೆವು. ಒಂದು ಬೆಳಿಗ್ಗೆ ಎದ್ದರೆ ಕೆಳಗಿನ ನೆಲ ಒದ್ದೆ; ತೊಟ್ಟಿಯ ತಳದ ಸಿಲಿಕಾನ್ ಅಂಟು ಒಂದು ಕಡೆ ಬಿಟ್ಟು ನೀರು ಜಿನುಗುತ್ತಿತ್ತು. ಮೀನುಗಳನ್ನು ಬಕೆಟ್ಟಿಗೆ ಹಾಕಿ, ತೊಟ್ಟಿ ಖಾಲಿ ಮಾಡಿ ಎತ್ತಿ ನೋಡಿದಾಗ ಹಲಗೆಯ ನಡುಭಾಗ ಪೆನ್ಸಿಲ್ ತೂರುವಷ್ಟು ತಗ್ಗಿತ್ತು. ಬಾಗಿಲು ಉಜ್ಜುತ್ತಿದ್ದದ್ದು ಮಳೆಯಿಂದಲ್ಲ, ಮೇಲಿನ ಹಲಗೆ ಬಾಗಿ ಅದರ ತಲೆಯ ಮೇಲೆ ಕೂರುತ್ತಿತ್ತು. ಮೀನುಗಳು ಮೂರು ದಿನ ಬಕೆಟ್ಟಿನಲ್ಲಿದ್ದು ಹೇಗೋ ಉಳಿದುಕೊಂಡವು. ಅಲ್ಲಿಂದೀಚೆಗೆ ಪರಿಚಯದ ಯಾರ ಮನೆಯಲ್ಲಿ ತೊಟ್ಟಿ ಇಡುವ ಮಾತು ಬಂದರೂ ನಾನು ಮೊದಲು ಬಗ್ಗಿ ಮೇಜಿನ ಅಡಿ ನೋಡುತ್ತೇನೆ.

ತೂಕದ ಲೆಕ್ಕ

ಲೆಕ್ಕ ಸುಲಭ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಒಂದು ಲೀಟರ್ ನೀರು ಒಂದು ಕಿಲೋ. ನಮ್ಮಲ್ಲಿ ಹೆಚ್ಚು ಮಾರಾಟವಾಗುವ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿ ತೆಗೆದುಕೊಳ್ಳಿ: 60, 30, 30 ಗುಣಿಸಿದರೆ 54 ಲೀಟರ್. ಅಂಚಿನವರೆಗೆ ಯಾರೂ ತುಂಬುವುದಿಲ್ಲ, ತಳದ ಕಲ್ಲು ಸ್ವಲ್ಪ ಜಾಗ ತಿನ್ನುತ್ತದೆ; ಹಾಗಾಗಿ ನೀರು 43 ಲೀಟರಿನಷ್ಟು. 5 ಎಂ.ಎಂ. ಗಾಜಿನ ತೂಕ ಸುಮಾರು 9 ಕಿಲೋ. ಎರಡು ಇಂಚು ದಪ್ಪ ಜಲ್ಲಿಕಲ್ಲು ಹಾಸಿದರೆ ಅದೇ 14 ಕಿಲೋ. ಮುಚ್ಚಳ, ಲೈಟು, ಫಿಲ್ಟರ್ ಸೇರಿ ಮತ್ತೆರಡು ಮೂರು ಕಿಲೋ. ಎಲ್ಲ ಕೂಡಿ 70 ಕಿಲೋ. ಮನೆಗೆ ಬರುವ 20 ಲೀಟರಿನ ಕುಡಿಯುವ ನೀರಿನ ಕ್ಯಾನ್ ಲೆಕ್ಕದಲ್ಲಿ ಮೂರೂವರೆ ಕ್ಯಾನ್.

ಒಂದೂವರೆ ಅಡಿಯ ತೊಟ್ಟಿ, ಅಂದರೆ 45, 25, 30 ಸೆಂಟಿಮೀಟರಿನದು, ಎಲ್ಲ ಸೇರಿ 45 ಕಿಲೋ ತೂಗುತ್ತದೆ. ಒಂದು ಅಡಿಯ ಪುಟ್ಟದು 16ರಿಂದ 18 ಕಿಲೋ. 3 ಅಡಿಯದ್ದು 200 ಕಿಲೋ ಮುಟ್ಟುತ್ತದೆ. ಅದನ್ನು ಮನೆಯ ಟೇಬಲ್ ಮೇಲೆ ಇಡುವ ಯೋಚನೆಯನ್ನೇ ಬಿಡಿ, ಅದಕ್ಕೆ ಕಬ್ಬಿಣದ ಸ್ಟ್ಯಾಂಡ್ ಅಥವಾ ಇಟ್ಟಿಗೆಯ ಕಟ್ಟೆಯೇ ಬೇಕು. ಈ ಲೇಖನದ ಮಾತೆಲ್ಲ 2 ಅಡಿಯೊಳಗಿನ ತೊಟ್ಟಿಗೆ ಮಾತ್ರ.

"ಎಪ್ಪತ್ತು ಕಿಲೋ ಏನು ಮಹಾ, ನಾನೇ ಆ ಟೇಬಲ್ ಮೇಲೆ ಹತ್ತಿ ಬಲ್ಬ್ ಹಾಕ್ತೀನಿ" ಎನ್ನುವವರಿದ್ದಾರೆ. ನೀವು ಐದು ನಿಮಿಷ ನಿಂತು ಇಳಿಯುತ್ತೀರಿ, ಹಲಗೆ ಮೊದಲಿನ ಹಾಗಾಗುತ್ತದೆ. ತೊಟ್ಟಿ ಹಗಲೂ ರಾತ್ರಿ ಇಳಿಯುವುದೇ ಇಲ್ಲ. ಮರದ ಯಾವ ಹಲಗೆಯಾದರೂ ಬಿಡುವಿಲ್ಲದ ಭಾರದಡಿ ನಿಧಾನವಾಗಿ ಬಾಗುತ್ತಾ ಹೋಗುತ್ತದೆ. ದಪ್ಪ ಪುಸ್ತಕ ತುಂಬಿದ ಶೆಲ್ಫ್ ಕೆಲವು ವರ್ಷಕ್ಕೆ ಜೋಕಾಲಿಯ ಹಾಗೆ ತಗ್ಗಿರುವುದನ್ನು ನೋಡಿಲ್ಲವೇ? ಪುಸ್ತಕಕ್ಕೆ ಅದರಿಂದ ಏನೂ ಆಗದು. ಗಾಜು ಬಾಗುವುದಿಲ್ಲ, ಅದು ಅಂಟು ಬಿಡುತ್ತದೆ ಇಲ್ಲವೇ ಸೀಳುತ್ತದೆ.

ಭಾರ ಹೊರುವುದು ಯಾವುದು

ಆ ಘಟನೆಯ ನಂತರ ಯೂನಿಟ್ ರಿಪೇರಿಗೆ ಬಂದ ಆಚಾರ್ರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ: "ಅಮ್ಮಾ, ಹಲಗೆ ಮುರಿಯೋದು ಕಡಿಮೆ. ಕೀಲು ಬಿಡೋದೇ ಜಾಸ್ತಿ." ಅವರು ಟಿವಿ ಯೂನಿಟ್ಟನ್ನು ಬೋರಲು ಹಾಕಿ ತೋರಿಸಿದರು. ಮೇಲಿನ ಹಲಗೆ ಎರಡು ಪಕ್ಕದ ಹಲಗೆಗಳ ಮೇಲೆ ಕೂತಿರಲಿಲ್ಲ. ಅವುಗಳ ನಡುವೆ ಸಿಕ್ಕಿಸಿ ನಾಲ್ಕು ಸಣ್ಣ ಸ್ಕ್ರೂಗಳಿಂದ ಹಿಡಿಸಲಾಗಿತ್ತು. ಎಪ್ಪತ್ತು ಕಿಲೋ ನೇತಾಡುತ್ತಿದ್ದದ್ದು ಆ ನಾಲ್ಕು ಸ್ಕ್ರೂಗಳ ಮೇಲೆ, ಅವು ಕಚ್ಚಿಕೊಂಡಿದ್ದದ್ದು ಒತ್ತಿದ ಮರದ ಪುಡಿಯನ್ನು.

ಹಾಗಾಗಿ ಮೊದಲ ಕೆಲಸ, ಟಾರ್ಚ್ ಹಿಡಿದು ಕೆಳಗೆ ಕೂತು ನೋಡುವುದು. ಮೇಲಿನ ಹಲಗೆಯ ತುದಿ ಪಕ್ಕೆಗಳ ತಲೆಯ ಮೇಲೆ ಬಂದು ಕೂತಿದೆಯೇ? ಆ ಪಕ್ಕೆಗಳು ತುಂಡಾಗದೆ ನೇರ ನೆಲದವರೆಗೆ ಇಳಿದಿವೆಯೇ? ಹಾಗಿದ್ದರೆ ಭಾರ ಮರದಿಂದ ಮರಕ್ಕೆ ಇಳಿದು ನೆಲ ಸೇರುತ್ತದೆ, ಸ್ಕ್ರೂಗಳ ಕೆಲಸ ಹಿಡಿದಿಟ್ಟುಕೊಳ್ಳುವುದು ಮಾತ್ರ. ಕಾಲುಗಳಿರುವ ಮೇಜಾದರೆ ಹಲಗೆಯ ಕೆಳಗೆ ನಾಲ್ಕೂ ಕಡೆ ಅಡ್ಡಪಟ್ಟಿ ಇರಬೇಕು, ಅದು ಕಾಲುಗಳಿಗೆ ಗೂಟ ಹಾಕಿ ಕೂಡಿಸಿದ್ದಾಗಿರಬೇಕು. ಕಾಲುಗಳನ್ನು ಹಲಗೆಗೆ ನೇರವಾಗಿ ಪ್ಲೇಟ್ ಹಾಕಿ ತಿರುಗಿಸಿದ್ದರೆ ಅದು ಹೂದಾನಿ ಇಡಲಿಕ್ಕೆ ಸರಿ.

ಎರಡನೆಯದು ಹಿಂಬದಿ. ಷೋಕೇಸು, ಕಪಾಟುಗಳಿಗೆ ಹಿಂದೆ ಹೊಡೆದಿರುವ ತೆಳ್ಳನೆ ಪ್ಲೈ ಧೂಳು ತಡೆಯುವುದಕ್ಕೆ ಎಂದುಕೊಳ್ಳುತ್ತೇವೆ. ನಿಜವಾಗಿ ಇಡೀ ಪೆಟ್ಟಿಗೆ ಪಕ್ಕಕ್ಕೆ ವಾಲದಂತೆ ಹಿಡಿದಿರುವುದು ಅದೇ. ಬೆಂಕಿಪೊಟ್ಟಣದ ಹೊರಕವಚವನ್ನು ಒಳಗಿನ ತಟ್ಟೆ ತೆಗೆದು ಪಕ್ಕದಿಂದ ಒತ್ತಿದರೆ ಹೇಗೆ ಚಪ್ಪಟೆಯಾಗುತ್ತದೋ, ಬೆನ್ನು ಹಲಗೆ ಇಲ್ಲದ ಶೆಲ್ಫ್ ಹಾಗೆ. ವೈರ್ ತೂರಿಸಲು ಯಾರಾದರೂ ಅದನ್ನು ದೊಡ್ಡದಾಗಿ ಕತ್ತರಿಸಿದ್ದರೆ, ಮೊಳೆ ಕಳಚಿದ್ದರೆ ಮೊದಲು ಅದನ್ನು ಸರಿಮಾಡಿಸಬೇಕು.

ಮೂರನೆಯದು ಯಾವ ವಸ್ತುವಿನಿಂದ ಮಾಡಿದ್ದು ಎಂಬುದು. ಮೇಲಿನ ಮೈಕಾ ನೋಡಿ ಏನೂ ತಿಳಿಯದು. ಹಿಂಜಿನ ರಂಧ್ರದಲ್ಲೋ, ಹಿಂದಿನ ಅಂಚಿನಲ್ಲೋ ಬೆತ್ತಲಾದ ಜಾಗ ಹುಡುಕಿ. ಚಿರೋಟಿಯ ಹಾಗೆ ಪದರ ಪದರ ಕಂಡರೆ ಪ್ಲೈವುಡ್. ಮರದ ಹೊಟ್ಟು, ಚಕ್ಕೆ ಅಂಟಿಸಿ ಒತ್ತಿದಂತಿದ್ದರೆ ಪಾರ್ಟಿಕಲ್ ಬೋರ್ಡ್. ಕಣವೇ ಕಾಣದೆ ದಪ್ಪ ರಟ್ಟಿನಂತೆ ನುಣುಪಾಗಿದ್ದರೆ ಎಂಡಿಎಫ್. ಕೊನೆಯ ಎರಡು ಒಣಗಿದ್ದಾಗ ಒಂದಷ್ಟು ಭಾರ ಹೊರುತ್ತವೆ, ನೀರು ಒಮ್ಮೆ ಒಳಹೊಕ್ಕರೆ ಉಬ್ಬಿ ಪುಡಿಯಾಗುತ್ತವೆ, ಒಣಗಿಸಿದರೂ ಹಳೆಯ ಗಟ್ಟಿತನ ಮರಳುವುದಿಲ್ಲ. ಅವುಗಳ ಮೇಲೆ ಒಂದು ಅಡಿಯ ತೊಟ್ಟಿಗಿಂತ ದೊಡ್ಡದನ್ನು ನಾನಂತೂ ಇಡೆನು. ಪ್ಲೈವುಡ್ಡಿನಲ್ಲೂ ದರ್ಜೆಗಳಿವೆ: ಎಂಆರ್ ಎನ್ನುವುದು ತೇವಾಂಶ ಸ್ವಲ್ಪ ತಡೆಯುತ್ತದೆ ಅಷ್ಟೇ, ಬಿಡಬ್ಲ್ಯುಆರ್ ಅದಕ್ಕಿಂತ ವಾಸಿ, ಅಂಗಡಿಯಲ್ಲಿ 710 ಎಂದು ಕೇಳಿದರೆ ಕೊಡುವ ಮರೈನ್ ಪ್ಲೈ ಈ ಕೆಲಸಕ್ಕೆ ಉತ್ತಮ. ಗಟ್ಟಿಮರ, ಅಂದರೆ ತೇಗ, ಹೊನ್ನೆ, ಮತ್ತಿ, ಹಲಸು ಇದ್ದರೆ ನಿಮ್ಮ ಅದೃಷ್ಟ. ಈಗ ನಮ್ಮ ತೊಟ್ಟಿ ಕೂತಿರುವುದು ಅಜ್ಜಿಯ ಮನೆಯಿಂದ ತಂದ ಹಲಸಿನ ಮರದ ಗಿಡ್ಡ ಮೇಜಿನ ಮೇಲೆ. ಒಂಬತ್ತು ವರ್ಷವಾಯಿತು, ದಾರ ಹಿಡಿದರೆ ಇವತ್ತಿಗೂ ನೇರ.

ಯಾವುದರ ಮೇಲೆ ಇಡಬಹುದು, ಯಾವುದರ ಮೇಲೆ ಕೂಡದು

ಹಳೆಯ ಮನೆಗಳ ಮರದ ಪೆಟ್ಟಿಗೆಗಿಂತ ಒಳ್ಳೆಯ ಪೀಠ ಕಡಿಮೆ. ನಾಲ್ಕು ಸುತ್ತಲೂ ಗೋಡೆಯಂತೆ ಹಲಗೆ ನೆಲದವರೆಗೆ ಇಳಿದಿರುತ್ತದೆ, ಮೂಲೆಗಳನ್ನು ಹಲ್ಲು ಕೂಡಿಸಿ ಬಿಗಿದಿರುತ್ತಾರೆ. ಮುಚ್ಚಳ ಅಂಚಿನ ಮೇಲೆ ಸಮವಾಗಿ ಕೂರುವಂಥದ್ದಾಗಿರಬೇಕು, ಉಬ್ಬು ಮುಚ್ಚಳ ಆಗದು. ತೊಟ್ಟಿ ಇಟ್ಟ ಮೇಲೆ ಪೆಟ್ಟಿಗೆ ತೆಗೆಯಲಾಗದು ಎಂಬುದನ್ನು ನೆನಪಿಡಿ. ಮನೆಪತ್ರ, ರೇಷ್ಮೆ ಸೀರೆಗಳನ್ನು ಮೊದಲೇ ಹೊರಗೆ ತೆಗೆಯಿರಿ.

ಎಂಬತ್ತು, ತೊಂಬತ್ತರ ದಶಕದಲ್ಲಿ ಕಟ್ಟಿದ ಮನೆಗಳಲ್ಲಿ ಗೋಡೆಯ ಗೂಡಿಗೆ ಕಡಪ ಕಲ್ಲಿನ ಅಡ್ಡ ಹಲಗೆ ಹಾಕಿರುತ್ತಾರೆ. ಎರಡೂ ತುದಿ ಗೋಡೆಯೊಳಗೆ ಹೂತಿದ್ದರೆ ಒಂದೂವರೆ ಅಡಿಯವರೆಗಿನ ತೊಟ್ಟಿಗೆ ಅದು ಸೊಗಸಾದ ಜಾಗ. ನೀರಿನ ಭಯವೂ ಇಲ್ಲ. ಆದರೆ ಕಲ್ಲು ಮರದಂತೆ ಬಾಗಿ ಮುನ್ಸೂಚನೆ ಕೊಡುವುದಿಲ್ಲ, ಒಂದೇ ಸಲ ಮುರಿಯುತ್ತದೆ. ನಾಣ್ಯದಿಂದ ಉದ್ದಕ್ಕೂ ಬಡಿದು ನೋಡಿ. ಎಲ್ಲ ಕಡೆ 'ಟಣ್' ಎಂದು ಒಂದೇ ಸದ್ದು ಬರಬೇಕು. ಎಲ್ಲಾದರೂ ಸದ್ದು ಸತ್ತಂತಿದ್ದರೆ, ಅಥವಾ ಮೇಲೆ ಕೂದಲೆಳೆಯಂಥ ಗೀರು ಕಂಡರೆ ಬೇಡ. ಗೋಡೆಯಿಂದ ಹೊರಚಾಚಿರುವ, ಮುಂದೆ ಆಸರೆ ಇಲ್ಲದ ಕಲ್ಲಂತೂ ಖಂಡಿತ ಬೇಡ.

ಮೂಲೆ ಸೇರಿರುವ ಹೊಲಿಗೆ ಯಂತ್ರದ ಎರಕದ ಕಬ್ಬಿಣದ ಕಾಲುಗಳು ಬಹಳ ಬಲವಾದವು. ಬಲಹೀನವಾದದ್ದು ಅದರ ಮರದ ಮೇಲ್ಭಾಗ, ಯಂತ್ರ ಕೂರುವ ತೂತು, ಮಡಚುವ ರೆಕ್ಕೆ, ತೆಳ್ಳನೆ ಹಿಂಜು. ಆ ಮೇಲ್ಭಾಗವನ್ನು ಪೂರ್ತಿ ಬಿಚ್ಚಿ ತೆಗೆದಿಟ್ಟು, ಕಬ್ಬಿಣಕ್ಕೆ 19 ಎಂ.ಎಂ. ಮರೈನ್ ಪ್ಲೈ ಬೋಲ್ಟ್ ಹಾಕಿಸಿದರೆ ಒಂದೂವರೆ ಅಡಿಯ ತೊಟ್ಟಿಗೆ ಚೆಂದದ ಸ್ಟ್ಯಾಂಡ್ ಸಿದ್ಧ. ಕಾಲಿಗೆ ಗಾಲಿಗಳಿದ್ದರೆ ತೆಗೆಸಬೇಕು, ಪೆಡಲ್ಲನ್ನು ತಂತಿಯಿಂದ ಬಿಗಿಯಬೇಕು. ಮಕ್ಕಳಿರುವ ಮನೆಯಲ್ಲಿ ಪೆಡಲ್ ಸುಮ್ಮನಿರುವುದಿಲ್ಲ.

ಗಿಡ್ಡನೆಯ ಷೋಕೇಸು, ಡ್ರಾಯರ್ ಇರುವ ಮೇಜುಗಳು ಕೀಲು ಸರಿಯಿದ್ದರೆ ಆಗಬಹುದು. ಡ್ರಾಯರಿನಲ್ಲಿ ಒಂದು ಅನುಕೂಲವಿದೆ: ಮೇಲಿನ ಹಲಗೆ ಬಾಗತೊಡಗಿದರೆ ಮೊದಲು ಡ್ರಾಯರ್ ಬಿಗಿಯಾಗಿ ನಿಮಗೆ ತಿಳಿಸುತ್ತದೆ. ನಮ್ಮ ಟಿವಿ ಯೂನಿಟ್ಟಿನ ಬಾಗಿಲು ಅದನ್ನೇ ಹೇಳುತ್ತಿತ್ತು, ನಾವು ಕೇಳಿಸಿಕೊಳ್ಳಲಿಲ್ಲ.

ಗಾಜಿನ ಟೀಪಾಯಿ, ಬೆತ್ತದ ಮೇಜು, ಮಡಚುವ ಟೇಬಲ್, ಗಾಲಿ ಇರುವ ಕಂಪ್ಯೂಟರ್ ಟೇಬಲ್ ಯಾವುದೂ ಬೇಡ. ಪ್ಲಾಸ್ಟಿಕ್ ಸ್ಟೂಲೂ ಬೇಡ. ಕಬ್ಬಿಣದ ಬೀರುವಿನ ತಲೆ ತೆಳು ತಗಡು. ಬಾಗಿಲು ಎಳೆದಾಗಲೆಲ್ಲ ಮೀನುಗಳಿಗೆ ಭೂಕಂಪ. ಫ್ರಿಜ್ಜಿನ ಮೇಲೆ ಅದುರುವಿಕೆ, ಪಕ್ಕದಲ್ಲೇ ಕರೆಂಟು. ಟಿವಿ ಇರುವ ಹಲಗೆಯ ಮೇಲೇ ತೊಟ್ಟಿ ಇಡುವುದು ಎರಡಕ್ಕೂ ಒಳ್ಳೆಯದಲ್ಲ. ಅಡಿಗೆಮನೆಯ ಗ್ರಾನೈಟ್ ಕಟ್ಟೆ ಆನೆ ನಿಂತರೂ ಅಲುಗದು, ನಿಜ. ಆದರೆ ಒಗ್ಗರಣೆಯ ಹೊಗೆ ದಿನಾ ನೀರಿನ ಮೇಲೆ ಎಣ್ಣೆಯ ಪೊರೆ ಕಟ್ಟುತ್ತದೆ, ಪಾತ್ರೆ ಸೋಪು ಹಾರುತ್ತದೆ. ಊಟದ ಟೇಬಲ್ ಉದ್ದ ಕಾಲಿನದು, ದಿನಕ್ಕೆ ಹತ್ತು ಸಲ ಯಾರಾದರೂ ತಳ್ಳುತ್ತಾರೆ.

ಅಕ್ಕಿ ಮೂಟೆಯ ಪರೀಕ್ಷೆ

ಕಣ್ಣಿಗೆ ಒಪ್ಪಿದ ಮೇಜನ್ನು ಮನೆಯಲ್ಲೇ ಒಂದು ವಾರ ಪರೀಕ್ಷೆಗೆ ಒಡ್ಡಿ. ಈ ಒಂದು ಹೆಜ್ಜೆಯನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಹಲಗೆಯ ಮುಂಬದಿಯ ಕೆಳ ಅಂಚಿನಲ್ಲಿ ಎರಡೂ ತುದಿಗೆ ಟೇಪ್ ಹಾಕಿ ಹೊಲಿಗೆ ದಾರವನ್ನು ಬಿಗಿಯಾಗಿ ಎಳೆದು ಕಟ್ಟಿ. ನಡುವಿನಲ್ಲಿ ದಾರ ಮತ್ತು ಅಂಚಿನ ಸಂಬಂಧ ಹೇಗಿದೆ ಎಂದು ಸ್ಕೇಲ್ ಹಿಡಿದು ನೋಡಿ ಬರೆದಿಡಿ. ಈಗ ತೊಟ್ಟಿ ಎಷ್ಟು ಜಾಗ ಹಿಡಿಯುತ್ತದೋ ಅಷ್ಟೇ ಅಗಲದಲ್ಲಿ ಅಕ್ಕಿ ಮೂಟೆಗಳನ್ನು ಒಂದರ ಮೇಲೊಂದು ಪೇರಿಸಿ. 2 ಅಡಿಯ ತೊಟ್ಟಿಗೆ 25 ಕಿಲೋದ ಮೂರು ಮೂಟೆ, ಒಂದೂವರೆ ಅಡಿಯದಕ್ಕೆ ಎರಡು. ಮನೆಯಲ್ಲಿ ಅಷ್ಟು ಇಲ್ಲದಿದ್ದರೆ ಪಕ್ಕದ ಮನೆಯಿಂದ ಕೇಳಿ ತನ್ನಿ, ಅಥವಾ ತಿಂಗಳ ಸಾಮಾನು ಬಂದ ದಿನವೇ ಇದನ್ನು ಮಾಡಿ.

ಇಟ್ಟ ತಕ್ಷಣ ಒಮ್ಮೆ, ಮಾರನೆ ದಿನ ಒಮ್ಮೆ, ಮೂರನೇ ದಿನ, ಏಳನೇ ದಿನ ಅಳೆಯಿರಿ. ಮೊದಲ ದಿನ ಒಂದು ಎಂ.ಎಂ. ತಗ್ಗಿ ಅಲ್ಲೇ ನಿಂತರೆ ನಾನು ಪಾಸು ಎನ್ನುತ್ತೇನೆ. ಎರಡು ಎಂ.ಎಂ. ದಾಟಿದರೆ ಹಲಗೆಗೆ ಆಸರೆ ಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಮೂರನೇ ದಿನಕ್ಕೂ ಏಳನೇ ದಿನಕ್ಕೂ ಇರುವ ವ್ಯತ್ಯಾಸ. ಆಗಲೂ ಇಳಿಯುತ್ತಲೇ ಇದ್ದರೆ ಆರು ತಿಂಗಳಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿ.

ಮೂಟೆಗಳು ಮೇಲಿರುವಾಗಲೇ ಒಬ್ಬರು ಅವನ್ನು ಹಿಡಿದುಕೊಳ್ಳಲಿ, ಇನ್ನೊಬ್ಬರು ಮೇಜಿನ ಅಂಚಿಗೆ ಅಂಗೈ ಇಟ್ಟು ಎಡಬಲಕ್ಕೆ, ಆಮೇಲೆ ಹಿಂದುಮುಂದಕ್ಕೆ ಮೆಲ್ಲಗೆ ತಳ್ಳಲಿ. ಗಟ್ಟಿ ಮೇಜು ಒಟ್ಟಾಗಿ ಕದಲುತ್ತದೆ ಅಥವಾ ಕದಲುವುದೇ ಇಲ್ಲ. ಕಿರ್ ಎಂಬ ಸದ್ದಿನೊಂದಿಗೆ ತಲೆ ಮಾತ್ರ ತೂಗಾಡಿದರೆ ಕೀಲು ಸಡಿಲ. ನೀರು ತುಂಬಿದ ತೊಟ್ಟಿ ಮೂಟೆಗಿಂತ ಕೆಟ್ಟದ್ದು. ಒಂದು ಸಲ ವಾಲಿದರೆ ನೀರೂ ಅದೇ ಕಡೆ ನುಗ್ಗಿ ತೂಗಾಟವನ್ನು ಹೆಚ್ಚಿಸುತ್ತದೆ.

ಬಲ ಕೊಡುವುದು

ಪರೀಕ್ಷೆಯಲ್ಲಿ ಸ್ವಲ್ಪದರಲ್ಲಿ ಸೋತ ಮೇಜನ್ನು ಎಸೆಯಬೇಕಿಲ್ಲ. ಹಲಗೆ ಬಾಗುವುದಕ್ಕೆ ಮದ್ದು ನಡುವಿನ ಆಸರೆ: ಮೇಲಿನ ಹಲಗೆಯ ನಡುವಿನಿಂದ ನೆಲದವರೆಗೆ ಒಂದು ನಿಲುವು ಹಲಗೆ. ಷೋಕೇಸಿನ ಒಳಗಾದರೆ ಅದು ತಳದ ಹಲಗೆಯ ಮೇಲೆ ನಿಲ್ಲುತ್ತದೆ. ಆ ತಳದ ಕೆಳಗೂ ಅದೇ ಜಾಗದಲ್ಲಿ ಒಂದು ಮರದ ತುಂಡು ಕೊಟ್ಟು ನೆಲಕ್ಕೆ ಮುಟ್ಟಿಸಬೇಕು. ಇದನ್ನು ಬಹಳ ಜನ ಮರೆಯುತ್ತಾರೆ, ಆಗ ಮೇಲಿನ ಬಾಗು ಕೆಳಕ್ಕೆ ವರ್ಗವಾಗುತ್ತದೆ ಅಷ್ಟೇ. ಇಲ್ಲವಾದರೆ ಮೇಲಿನ ಹಲಗೆಯ ದಪ್ಪ ಹೆಚ್ಚಿಸಿ. ಹಲಗೆಯ ದಪ್ಪ ಎರಡರಷ್ಟಾದರೆ ಬಾಗುವುದು ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಹಳೆಯದರ ಮೇಲೆ ಅದೇ ಅಳತೆಯ 19 ಎಂ.ಎಂ. ಮರೈನ್ ಪ್ಲೈಯನ್ನು ಫೆವಿಕಾಲ್ ಬಳಿದು ಕೆಳಗಿನಿಂದ ಸ್ಕ್ರೂ ಹಾಕಿ ಒಂದಾಗಿಸಿದರೆ ಮಾತ್ರ ಈ ಲಾಭ ಪೂರ್ತಿ ಸಿಗುತ್ತದೆ. ಸುಮ್ಮನೆ ಮೇಲಿಟ್ಟರೆ ಎರಡು ಹಲಗೆ ಬೇರೆ ಬೇರೆಯಾಗಿ ಬಾಗುತ್ತವೆ.

ಪಕ್ಕಕ್ಕೆ ತೂಗಾಡುವುದಕ್ಕೆ ಮದ್ದು ಬೆನ್ನು. ತೆಳು ಬೆನ್ನು ಹಲಗೆಯನ್ನು ತೆಗೆದು 9 ಎಂ.ಎಂ. ಪ್ಲೈ ಹೊಡೆಸಿ, ಒಳಮೂಲೆಗಳಿಗೆ ಎಲ್ ಪಟ್ಟಿ ಹಾಕಿಸಿ. ಆಮೇಲೆ ಮೇಜನ್ನು ಗೋಡೆಗೆ ಎಲ್ ಕ್ಲಾಂಪಿನಿಂದ ಹಿಡಿಸಿಬಿಡಿ. ಮೀನು ನೋಡಲು ಮಕ್ಕಳು ಡ್ರಾಯರ್ ಎಳೆದು ಅದನ್ನೇ ಮೆಟ್ಟಿಲು ಮಾಡಿಕೊಳ್ಳುತ್ತಾರೆ. ಎಪ್ಪತ್ತು ಕಿಲೋ ನೀರು, ಗಾಜು ಮಗುವಿನ ಮೇಲೆ ಬೀಳುವ ಸಾಧ್ಯತೆಯನ್ನು ಎರಡು ಕ್ಲಾಂಪು ತಪ್ಪಿಸುತ್ತವೆ. ಬಾಡಿಗೆ ಮನೆಯಲ್ಲಿ ಗೋಡೆಗೆ ತೂತು ಮಾಡಲು ಮಾಲೀಕರು ಒಪ್ಪದಿದ್ದರೆ ಸೊಂಟಕ್ಕಿಂತ ಎತ್ತರದ ಯಾವ ಮೇಜಿನ ಮೇಲೂ ಇಡಬೇಡಿ.

ಯಾವುದೂ ಆಗದಿದ್ದರೆ ಬೇಸರ ಬೇಡ. ಎಂಟು ಇಂಚಿನ ಗಟ್ಟಿ ಸಿಮೆಂಟ್ ಬ್ಲಾಕುಗಳನ್ನು ಎರಡು ಸಾಲು ಪೇರಿಸಿ ಮೇಲೊಂದು ದಪ್ಪ ಪ್ಲೈ ಹಾಕಿದರೆ ಅದಕ್ಕಿಂತ ಅಗ್ಗದ, ಗಟ್ಟಿಯಾದ ಸ್ಟ್ಯಾಂಡ್ ಇಲ್ಲ. ಮುಂದೊಂದು ಇಳಕಲ್ ಸೀರೆಯ ಹಳೆಯ ತುಂಡನ್ನು ಪರದೆಯಾಗಿ ಇಳಿಬಿಟ್ಟರೆ ಬ್ಲಾಕು ಕಾಣುವುದೂ ಇಲ್ಲ.

ನೀರಿನಿಂದ ಕಾಪಾಡುವುದು

ತೊಟ್ಟಿ ಸೋರದಿದ್ದರೂ ಮೇಜಿನ ಮೇಲೆ ನೀರು ಬಿದ್ದೇ ಬೀಳುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವಾಗ ಪೈಪಿನಿಂದ ತೊಟ್ಟಿಕ್ಕುತ್ತದೆ, ಏರ್ ಪಂಪಿನ ಗುಳ್ಳೆ ಒಡೆದು ಹನಿ ಸಿಡಿಯುತ್ತದೆ, ಕೈ ಅದ್ದಿ ತೆಗೆದಾಗ ಮೊಣಕೈಯಿಂದ ಇಳಿಯುತ್ತದೆ. ಬೋರ್‌ವೆಲ್ ನೀರಾದರೆ ಹನಿ ಒಣಗಿದಲ್ಲೆಲ್ಲ ಬಿಳಿ ಉಪ್ಪಿನ ಕಲೆ. ಹಳೆಯ ಮರದ ಮೇಲಿರುವ ಅರಗಿನ ಸ್ಪಿರಿಟ್ ಪಾಲಿಶ್ ನೀರು ನಿಂತರೆ ಬೆಳ್ಳಗಾಗುತ್ತದೆ. ಅಂಥ ಮೇಜಿಗೆ ತೊಟ್ಟಿ ಇಡುವ ಮೊದಲೇ ಮೇಲ್ಮೈಯನ್ನು ಉಜ್ಜಿಸಿ ಪಿಯು ಪಾಲಿಶ್ ಎರಡು ಮೂರು ಕೋಟ್ ಕೊಡಿಸಿ, ಪೂರ್ತಿ ಒಣಗಿ ವಾಸನೆ ಹೋಗುವವರೆಗೆ ಕಾಯಿರಿ. ಮೈಕಾ ಹಾಕಿದ ಮೇಜಿನಲ್ಲಿ ಮೇಲ್ಮೈ ಸುರಕ್ಷಿತ, ನೀರು ಹೊಗುವುದು ಅಂಚಿನಿಂದ ಮತ್ತು ವೈರಿನ ತೂತಿನಿಂದ. ಅಲ್ಲೆಲ್ಲ ಸಿಲಿಕಾನ್ ಎಳೆಯಿರಿ.

ತೊಟ್ಟಿಯ ಕೆಳಗೆ ಬಟ್ಟೆ, ರೆಕ್ಸಿನ್ ಹಾಸುವ ಅಭ್ಯಾಸ ಕೆಲವರಿಗಿದೆ. ಅದರಡಿ ಸೇರಿದ ನೀರು ಒಣಗುವುದೇ ಇಲ್ಲ, ಮರ ಒಳಗೊಳಗೇ ಕೊಳೆಯುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಂತೂ ಆ ತೇವಕ್ಕೆ ಗೆದ್ದಲು ಬರಲು ತಡವಿಲ್ಲ. ಬಂದ ಮೇಲೆ ಔಷಧಿ ಹೊಡೆಯುವಂತೆಯೂ ಇಲ್ಲ, ಗೆದ್ದಲಿಗೆ ಹೊಡೆಯುವ ಕೀಟನಾಶಕಗಳು ಮೀನಿಗೆ ವಿಷ. ಸೊಳ್ಳೆಬತ್ತಿ, ಸೊಳ್ಳೆ ಓಡಿಸುವ ಲಿಕ್ವಿಡ್ ಕೂಡ ಅದೇ ಜಾತಿಯವು. ತೊಟ್ಟಿ ಇರುವ ಕೋಣೆಯಲ್ಲಿ ಅವನ್ನು ಹಚ್ಚಬೇಡಿ, ಏರ್ ಪಂಪ್ ಆ ಗಾಳಿಯನ್ನೇ ನೀರಿಗೆ ಊದುತ್ತದೆ. ಮೇಜು ಹಿಂದಿನ ಗೋಡೆಯಿಂದ ಎರಡು ಇಂಚು ದೂರವಿದ್ದರೆ ಗಾಳಿಯಾಡುತ್ತದೆ, ಗೆದ್ದಲಿನ ಮಣ್ಣಿನ ದಾರಿ ಕಾಣಿಸಿದರೆ ಆಗಲೇ ತಿಳಿಯುತ್ತದೆ. ಗೋಡೆಗೆ ಹಿಡಿಸುವ ಕ್ಲಾಂಪಿನ ಉದ್ದವನ್ನು ಈ ಸಂದಿಗೆ ತಕ್ಕಂತೆ ತನ್ನಿ.

ಜಾಗ ಮತ್ತು ಕರೆಂಟು

ನೇರ ಬಿಸಿಲು ಬೀಳುವ ಕಿಟಕಿಯ ಪಕ್ಕ ಇಟ್ಟರೆ ನೀರು ಪಾಚಿಗಟ್ಟುತ್ತದೆ. ಆರ್‌ಸಿಸಿ ಮಹಡಿಗೆ 2 ಅಡಿಯ ತೊಟ್ಟಿ ಭಾರವೇ ಅಲ್ಲ. ಮಲೆನಾಡಿನ ಹಳೆಯ ಮನೆಗಳ ಮರದ ಮಹಡಿಯಲ್ಲಿ ಮಾತ್ರ ಕೋಣೆಯ ನಡುವೆ ಇಡದೆ ಗೋಡೆಯ ಹತ್ತಿರ, ಮೇಜಿನ ಕಾಲುಗಳು ಒಂದೇ ತೊಲೆಯ ಮೇಲೆ ಬೀಳದೆ ಎರಡು ಮೂರು ತೊಲೆಗೆ ಹಂಚಿಹೋಗುವಂತೆ ಇಡಿ.

ಪ್ಲಗ್ ಪಾಯಿಂಟ್ ತೊಟ್ಟಿಯ ನೇರ ಹಿಂದೆ ಅಥವಾ ಕೆಳಗೆ ಇರಬಾರದು, ಪಕ್ಕಕ್ಕಿರಲಿ. ಪ್ರತಿ ವೈರೂ ಪ್ಲಗ್ಗಿಗೆ ಹೋಗುವ ಮೊದಲು ಅದಕ್ಕಿಂತ ಕೆಳಕ್ಕೆ ಜೋತು ಮತ್ತೆ ಮೇಲೇರಬೇಕು. ವೈರಿನ ಮೇಲೆ ಹರಿದು ಬಂದ ನೀರು ಆ ಜೋತಿನ ತುದಿಯಲ್ಲಿ ನೆಲಕ್ಕೆ ಬೀಳುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ಎಕ್ಸ್‌ಟೆನ್ಷನ್ ಬಾಕ್ಸನ್ನು ಕಪಾಟಿನ ತಳದಲ್ಲಿ ಬಿಡದೆ ಒಳಪಕ್ಕೆಗೆ ಮೇಲ್ಗಡೆ ಸ್ಕ್ರೂ ಹಾಕಿ ನೇತುಹಾಕಿ. ಮನೆಯ ಮೇನ್ ಬೋರ್ಡಿನಲ್ಲಿ ಕರೆಂಟು ಸೋರಿದ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದು ಎಲೆಕ್ಟ್ರಿಷಿಯನ್ನಿಗೆ ಕೇಳಿ. ಇಲ್ಲದಿದ್ದರೆ ತೊಟ್ಟಿಗಿಂತ ಮೊದಲು ಅದನ್ನು ಹಾಕಿಸಿ. ನೀರಿಗೆ ಕೈ ಹಾಕುವ ಮೊದಲು ಪ್ಲಗ್ಗುಗಳನ್ನು ಕಿತ್ತಿಡುವ ಅಭ್ಯಾಸ ಮನೆಯವರೆಲ್ಲರಿಗೂ ಆಗಬೇಕು.

ಕೂರಿಸುವ ದಿನ

ಮೇಜನ್ನು ಅದರ ಜಾಗದಲ್ಲಿಟ್ಟು ಮೇಸ್ತ್ರಿಗಳ ರಸಮಟ್ಟವನ್ನು ಉದ್ದಕ್ಕೆ, ಅಗಲಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ನೋಡಿ. ನಮ್ಮ ಮನೆಗಳ ನೆಲ ನೀರು ಹರಿಯಲೆಂದು ಒಂದು ಕಡೆಗೆ ಓರೆ ಇರುವುದು ಸಾಮಾನ್ಯ. ಎತ್ತರ ಸರಿಮಾಡುವುದು ಮೇಜಿನ ಕಾಲಿನ ಕೆಳಗೆ, ತೊಟ್ಟಿಯ ಕೆಳಗಲ್ಲ. ರಟ್ಟು, ಮಡಚಿದ ಕಾಗದ ಒದ್ದೆಯಾದರೆ ಕುಸಿಯುತ್ತವೆ. ಗಟ್ಟಿ ರಬ್ಬರ್ ಅಥವಾ ಪಿವಿಸಿ ತುಂಡು ಕೊಡಿ.

ಓರೆಗಿಂತ ಅಪಾಯ ತಿರುಚು, ಅಂದರೆ ಮೂರು ಮೂಲೆ ಸಮವಿದ್ದು ನಾಲ್ಕನೆಯದು ಎದ್ದಿರುವುದು ಅಥವಾ ಇಳಿದಿರುವುದು. ಖಾಲಿ ತೊಟ್ಟಿಯನ್ನು ಬರಿಯ ಹಲಗೆಯ ಮೇಲಿಟ್ಟು ನಾಲ್ಕೂ ಮೂಲೆಯಲ್ಲಿ ಒಂದು ಕಾಗದದ ಚೂರನ್ನು ತೂರಿಸಿ ನೋಡಿ. ಒಂದೇ ಮೂಲೆಯಲ್ಲಿ ಸಲೀಸಾಗಿ ಒಳಹೋದರೆ ಮೇಜು ತಿರುಚಿದೆ. ಕಾಲು ಸರಿಮಾಡಿ ಮತ್ತೆ ನೋಡಿ.

ಈಗ ಥರ್ಮೋಕೋಲ್. ನಮ್ಮ ಅಂಗಡಿಗಳಲ್ಲಿ ಸಿಗುವ, ಗಾಜಿಗೆ ಗಾಜು ಅಂಟಿಸಿದ ಸಾದಾ ತೊಟ್ಟಿಯ ಕೆಳಗೆ 10ರಿಂದ 12 ಎಂ.ಎಂ. ಥರ್ಮೋಕೋಲನ್ನು ತಳದ ಅಳತೆಗೆ ಸರಿಯಾಗಿ ಕತ್ತರಿಸಿ ಹಾಸಬೇಕು, ಎರಡು ತುಂಡು ಜೋಡಿಸಬಾರದು. ಹಲಗೆಯ ಮೇಲೆ ಒಂದು ಮರಳಿನ ಕಣ ಇದ್ದರೂ ಅದು ಥರ್ಮೋಕೋಲಿನಲ್ಲಿ ಹೂತುಹೋಗುತ್ತದೆ, ಗಾಜಿಗೆ ಒತ್ತುವುದಿಲ್ಲ. ಕಲ್ಲಿನ ಹಲಗೆಯ ಮೇಲೆ ಇದು ಇಲ್ಲದೆ ಇಡಲೇಬಾರದು. ಆದರೆ ಸುತ್ತ ಪ್ಲಾಸ್ಟಿಕ್ ಚೌಕಟ್ಟು ಇದ್ದು ತಳದ ಗಾಜು ಮೇಲಕ್ಕೆದ್ದಿರುವ ರೆಡಿಮೇಡ್ ತೊಟ್ಟಿಗೆ ಥರ್ಮೋಕೋಲ್ ಹಾಕಬೇಡಿ. ಚೌಕಟ್ಟು ಅದರಲ್ಲಿ ಕುಸಿದು ತಳದ ಗಾಜು ಮೇಲಕ್ಕೆ ಒತ್ತಲ್ಪಡುತ್ತದೆ. ಬಾಗಿದ ಹಲಗೆಗೆ ಥರ್ಮೋಕೋಲ್ ಮದ್ದಲ್ಲ ಎಂಬುದೂ ನೆನಪಿರಲಿ, ಅದು ನುಂಗುವುದು ಒಂದು ಎಂ.ಎಂ. ಆಸುಪಾಸಿನ ಏರುಪೇರನ್ನು ಮಾತ್ರ. ತೊಟ್ಟಿಯ ಯಾವ ಅಂಚೂ ಮೇಜಿನಿಂದ ಹೊರಗೆ ಚಾಚಬಾರದು.

ಕಲ್ಲು ತೊಳೆದು ಹಾಕಿ, ಕಾಲುಭಾಗ ನೀರು ತುಂಬಿ ನಿಲ್ಲಿಸಿ. ಅರ್ಧ ಗಂಟೆ ಬಿಟ್ಟು ರಸಮಟ್ಟ, ದಾರ ನೋಡಿ. ಅರ್ಧದವರೆಗೆ ತುಂಬಿ ಮತ್ತೆ ನೋಡಿ. ಪೂರ್ತಿ ತುಂಬಿದ ಮೇಲೆ ನೀರಿನ ಮಟ್ಟವೇ ಎಲ್ಲಕ್ಕಿಂತ ಒಳ್ಳೆಯ ರಸಮಟ್ಟ: ಮೇಲಂಚಿನಿಂದ ನೀರಿಗೆ ನಾಲ್ಕೂ ಮೂಲೆಯಲ್ಲಿ ಅಳತೆ ತೆಗೆಯಿರಿ. ಎರಡು ಎಂ.ಎಂ. ಒಳಗಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅದಕ್ಕಿಂತ ಹೆಚ್ಚಿದ್ದರೆ ನೀರು ತೆಗೆದು ಕಾಲು ಸರಿಮಾಡಿ. ತುಂಬಿದ ತೊಟ್ಟಿಯ ಮೇಜನ್ನು ಸನ್ನೆಗೋಲು ಹಾಕಿ ಎತ್ತುವ ಸಾಹಸ ಬೇಡ. ಒಂದು ದಿನ ಪೂರ್ತಿ ಹಾಗೆಯೇ ಬಿಟ್ಟು, ಕೆಳಗೆ ದಿನಪತ್ರಿಕೆ ಹಾಸಿ ಹನಿ ಬಿದ್ದಿದೆಯೇ ಎಂದು ನೋಡಿ. ಫಿಲ್ಟರ್ ಓಡಿಸುತ್ತಾ ಮೂರು ನಾಲ್ಕು ವಾರ ನೀರು ಹದಗೊಳ್ಳಲಿ, ಮೀನು ಆಮೇಲೆ ಬರಲಿ. ಆ ವಾರಗಳು ಮೇಜಿಗೂ ಒಂದು ಪರೀಕ್ಷೆಯೇ.

ದಾರವನ್ನು ಬಿಸಾಡಬೇಡಿ. ತಿಂಗಳಿಗೊಮ್ಮೆ, ನೀರು ಬದಲಿಸುವ ಒಂದು ಭಾನುವಾರ, ಅದನ್ನು ಮತ್ತೆ ಎಳೆದು ಅಳೆದು ಕ್ಯಾಲೆಂಡರಿನ ಮೇಲೆ ಬರೆದಿಡಿ. ಕಪಾಟಿನ ಬಾಗಿಲು ಉಜ್ಜಿದರೆ, ಡ್ರಾಯರ್ ಬಿಗಿದರೆ, ಮೈಕಾದ ಅಂಚು ಉಬ್ಬಿದರೆ, ಕಾಲಿನ ಬುಡದಲ್ಲಿ ಹಿಟ್ಟಿನಂಥ ಪುಡಿ ಕಂಡರೆ ಅಂದೇ ನೀರನ್ನು ಅರ್ಧಕ್ಕೆ ಇಳಿಸಿ, ಆಚಾರ್ರಿಗೆ ಫೋನ್ ಮಾಡಿ.